ಪ್ರತಿಕಾಯ ಇದೆ, ಸರಿ. ವೈರಸ್ ಇದೆಯಾ?

2024ರಲ್ಲಿ ಎರಡೇ ವಾರಗಳ ಅಂತರದಲ್ಲಿ, ಲಿವರ್‌ಗೆ ತಗುಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಬಗ್ಗೆ ಎರಡು ಸುದ್ದಿ ಬಂದವು. ಜೂನ್ 27ರಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಹೊಸ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಬೆರಳ ತುದಿಯಿಂದ ಒಂದಿಷ್ಟು ರಕ್ತ ತೆಗೆದರೆ ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ ಸಿಗುತ್ತದೆ. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದಕ್ಕೆ ಮಾನ್ಯತೆ ಕೊಟ್ಟಿತು. ಅದರಲ್ಲಿ ನಾವೇ ಒಸಡು ಒರೆಸಿ ನೋಡಿಕೊಳ್ಳಬಹುದು, ಲ್ಯಾಬ್‌ಗೆ ಹೋಗಬೇಕಿಲ್ಲ.

ಓದಿದವರಿಗೆ ಎರಡೂ ಒಂದೇ ಅನಿಸಿದ್ದರೆ ಆಶ್ಚರ್ಯವಿಲ್ಲ. ಎರಡೂ ಹೆಪಟೈಟಿಸ್ ಸಿ ಪರೀಕ್ಷೆ, ಎರಡೂ ಸುಲಭ, ಎರಡೂ ಹೊಸವು. ಆದರೆ ಅವು ಹುಡುಕುವ ವಸ್ತುಗಳೇ ಬೇರೆ. ಮೊದಲನೆಯದು ವೈರಸ್ಸನ್ನೇ ಹುಡುಕುತ್ತದೆ. ಎರಡನೆಯದು ಆ ವೈರಸ್ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು, ಅಂದರೆ ಆಂಟಿಬಾಡಿಯನ್ನು, ಹುಡುಕುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ರಿಪೋರ್ಟ್ ಓದಿ ಎಷ್ಟೋ ಜನ ನಿದ್ದೆಗೆಡುತ್ತಾರೆ. ಇನ್ನೂ ಕೆಲವರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಹೀಗೆ ನಿಶ್ಚಿಂತೆಯಿಂದ ಇದ್ದುಬಿಡುವುದೇ ಹೆಚ್ಚು ಅಪಾಯ.

## ಸಿಡುಬಿನ ಕಲೆಯ ಹಾಗೆ

ಹಿಂದೆ ಸಿಡುಬು ಬಂದು ಬದುಕಿದವರ ಮುಖದಲ್ಲಿ ಗುಳಿ ಉಳಿಯುತ್ತಿತ್ತು. ಆ ಗುಳಿ ನೋಡಿ 'ಇವರಿಗೆ ಸಿಡುಬು ಇದೆ' ಅಂತ ಯಾರೂ ಹೇಳುತ್ತಿರಲಿಲ್ಲ. 'ಬಂದು ಹೋಗಿದೆ' ಅನ್ನುತ್ತಿದ್ದರು. ಹೆಪಟೈಟಿಸ್ ಸಿ ಪ್ರತಿಕಾಯವೂ ಆ ಗುಳಿಯಂಥದ್ದು. ವೈರಸ್ ದೇಹ ಹೊಕ್ಕಿತ್ತು ಅನ್ನುವುದಕ್ಕೆ ಅದು ಗುರುತು. ಈಗಲೂ ಇದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ.

ಒಂದು ತೊಡಕು ಇದೆ. ಸಿಡುಬು ಬಂದರೆ ಬಿಟ್ಟುಹೋಗುತ್ತಿತ್ತು. ಈ ವೈರಸ್ ಹೆಚ್ಚಿನವರಲ್ಲಿ ಬಿಟ್ಟುಹೋಗುವುದಿಲ್ಲ. ಸೋಂಕು ತಗುಲಿದ 100 ಜನರಲ್ಲಿ ಸುಮಾರು 30 ಜನರಿಗೆ ಯಾವ ಔಷಧಿಯೂ ಇಲ್ಲದೆ, ಆರು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಉಳಿದ 70 ಜನರಲ್ಲಿ ವೈರಸ್ ಲಿವರ್‌ನಲ್ಲಿ ಬೀಡುಬಿಡುತ್ತದೆ. ವರ್ಷಗಟ್ಟಲೆ ನೋವಿಲ್ಲ, ಕಾಮಾಲೆಯೂ ಕಾಣುವುದಿಲ್ಲ. ಇಂಥವರಲ್ಲಿ 15ರಿಂದ 30 ಶೇಕಡಾ ಜನರಿಗೆ 20 ವರ್ಷಗಳೊಳಗೆ ಸಿರೋಸಿಸ್ ಬರುತ್ತದೆ. ಆಗ ಲಿವರ್ ಗಟ್ಟಿಯಾಗಿ, ಗಂಟುಗಂಟಾಗಿ, ಕೆಲಸ ಮಾಡುವ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ.

ವಾಸಿಯಾದ 30 ಜನ, ವಾಸಿಯಾಗದ 70 ಜನ, ಇಬ್ಬರ ರಕ್ತದಲ್ಲೂ ಪ್ರತಿಕಾಯ ಸಿಗುತ್ತದೆ. ಮಾತ್ರೆ ತೆಗೆದುಕೊಂಡು ಗುಣವಾದವರಲ್ಲೂ ಸಿಗುತ್ತದೆ, ಸಾಮಾನ್ಯವಾಗಿ ಜೀವನಪೂರ್ತಿ. 'ಆಂಟಿ ಎಚ್‌ಸಿವಿ ರಿಯಾಕ್ಟಿವ್', ಅಂದರೆ ಹೆಪಟೈಟಿಸ್ ಸಿ ಪ್ರತಿಕಾಯ ಸಿಕ್ಕಿದೆ, ಅನ್ನುವ ಒಂದೇ ಸಾಲಿನಲ್ಲಿ ಈ ಮೂರೂ ಗುಂಪಿನವರು ಸೇರಿಹೋಗುತ್ತಾರೆ.

ಹಾಗಾದರೆ ಪ್ರತಿಕಾಯ ಇದ್ದೂ ವೈರಸ್ ಉಳಿಯುವುದು ಹೇಗೆ? ಈ ವೈರಸ್ ತನ್ನ ಹೊರಕವಚವನ್ನು ಬದಲಿಸುತ್ತಲೇ ಇರುತ್ತದೆ. ದೇಹ ಒಂದು ರೂಪವನ್ನು ಗುರುತಿಸಿ ಪ್ರತಿಕಾಯ ತಯಾರಿಸುವಷ್ಟರಲ್ಲಿ ವೈರಸ್ ಬೇರೆ ರೂಪದಲ್ಲಿರುತ್ತದೆ. ಸೋಂಕಾದ ಜೀವಕೋಶಗಳನ್ನು ಕೊಲ್ಲಬೇಕಾದ ಟಿ ಕೋಶಗಳು ತಿಂಗಳುಗಟ್ಟಲೆ ಹೋರಾಡಿ ಸುಸ್ತಾಗುತ್ತವೆ. ಹೆಪಟೈಟಿಸ್ ಸಿಗೆ ಇವತ್ತಿಗೂ ಲಸಿಕೆ ಇಲ್ಲದಿರುವುದಕ್ಕೆ ಇದೇ ದೊಡ್ಡ ಕಾರಣ. ಒಮ್ಮೆ ವಾಸಿಯಾದವರಿಗೆ ಮತ್ತೆ ಸೋಂಕು ತಗುಲಬಹುದು. ಹಳೆಯ ಪ್ರತಿಕಾಯ ಅವರನ್ನು ಕಾಪಾಡುವುದಿಲ್ಲ.

## ರಿಪೋರ್ಟಿನಲ್ಲಿರುವ ಆ ಅಂಕಿ

ಎಷ್ಟೋ ಲ್ಯಾಬ್‌ಗಳು ರಿಯಾಕ್ಟಿವ್ ಅನ್ನುವುದರ ಜೊತೆಗೆ 6.4, 12.8 ಅಂತ ಒಂದು ಅಂಕಿಯನ್ನೂ ಬರೆಯುತ್ತವೆ. ಪಕ್ಕದಲ್ಲಿ '1ಕ್ಕಿಂತ ಕಡಿಮೆ ಇದ್ದರೆ ನಾನ್ ರಿಯಾಕ್ಟಿವ್' ಅಂತ ಇರುತ್ತದೆ. ಇದನ್ನು ನೋಡಿ 'ನನಗೆ ಹನ್ನೆರಡು ಪಟ್ಟು ಸೋಂಕು' ಅಂತ ತಿಳಿಯುವವರಿದ್ದಾರೆ. ಹಾಗಲ್ಲ. ಯಂತ್ರ ಕಂಡ ಸಿಗ್ನಲ್ ಅದರ ಗಡಿರೇಖೆಗಿಂತ ಎಷ್ಟು ಪಟ್ಟು ಇದೆ ಅನ್ನುವುದಷ್ಟೇ ಆ ಅಂಕಿ. ಅಂಕಿ ದೊಡ್ಡದಿದ್ದರೆ ಪ್ರತಿಕಾಯ ನಿಜವಾಗಿಯೂ ಇರುವ ಸಾಧ್ಯತೆ ಜಾಸ್ತಿ. ವೈರಸ್ ಎಷ್ಟಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪೂರ್ತಿ ಗುಣವಾದವರಲ್ಲೂ 12 ಬರಬಹುದು.

ಹೆಪಟೈಟಿಸ್ ಎ ಅಥವಾ ಇ ಬಂದವರಿಗೆ ವೈದ್ಯರು ಐಜಿಎಂ ಪರೀಕ್ಷೆ ಬರೆಯುತ್ತಾರೆ. ಆ ಬಗೆಯ ಪ್ರತಿಕಾಯ ಸೋಂಕಿನ ಮೊದಲ ದಿನಗಳಲ್ಲಿ ಬರುತ್ತದೆ. ಹಾಗಾಗಿ ಅದು ಸಿಕ್ಕರೆ ಕಾಯಿಲೆ ಹೊಸದು ಅಂತ ಹೇಳಬಹುದು. ಹೆಪಟೈಟಿಸ್ ಸಿಯಲ್ಲಿ ಹೀಗೆ ಹಳೆಯದು, ಹೊಸದು ಅಂತ ನಂಬಿಕೆಯಿಂದ ಬೇರ್ಪಡಿಸುವ ಪ್ರತಿಕಾಯ ಪರೀಕ್ಷೆ ಇಲ್ಲ.

## 80 ಜನ ಹೆದರಿದರು, ವೈರಸ್ ಇದ್ದದ್ದು 21 ಜನರಲ್ಲಿ

ಇದೊಂದು ಉದಾಹರಣೆಯ ಲೆಕ್ಕ. ಆದರೆ ನಮ್ಮ ಪರಿಸ್ಥಿತಿಗೆ ಹತ್ತಿರದ್ದು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನ ರಕ್ತದ ಸ್ಯಾಂಪಲ್‌ಗಳನ್ನು ಪರೀಕ್ಷಿಸಿದಾಗ ಹೆಪಟೈಟಿಸ್ ಸಿ ಪ್ರತಿಕಾಯ ಸಿಕ್ಕಿದ್ದು ಶೇಕಡಾ 0.32 ಜನರಲ್ಲಿ. ಅಂದರೆ ಸಾವಿರಕ್ಕೆ ಸುಮಾರು ಮೂವರು.

ಈಗ ಯಾವ ತೊಂದರೆಯೂ ಇಲ್ಲದ 10,000 ಜನರನ್ನು ಪರೀಕ್ಷಿಸುತ್ತೇವೆ ಅಂದುಕೊಳ್ಳಿ. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಮಾಡುತ್ತಾರಲ್ಲ, ಹಾಗೆ. ನಿಜವಾಗಿ ಪ್ರತಿಕಾಯ ಇರುವವರು 30 ಜನ. ಕಿಟ್ ಒಳ್ಳೆಯದೇ, 1,000 ಆರೋಗ್ಯವಂತರಲ್ಲಿ ಐವರನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ ಅಂದುಕೊಳ್ಳೋಣ. ಆ ಲೆಕ್ಕದಲ್ಲಿ ಸುಮಾರು 50 ಜನ ಸುಮ್ನೆ ರಿಯಾಕ್ಟಿವ್ ಆಗುತ್ತಾರೆ. ಒಟ್ಟು 80 ರಿಪೋರ್ಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳ್ಳು. ಉಳಿದ 30ರಲ್ಲೂ ಸುಮಾರು 9 ಜನರಿಗೆ ತಾನಾಗಿಯೇ ವಾಸಿಯಾಗಿರುತ್ತದೆ. ವೈರಸ್ ಇರುವವರು 21.

ಇದೇ ಕಿಟ್ಟನ್ನು ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಳ್ಳುವವರ ನಡುವೆ ಬಳಸಿ ನೋಡಿ. ಅಲ್ಲಿ 1,000ಕ್ಕೆ 300 ಜನರಲ್ಲಿ ಪ್ರತಿಕಾಯ ಇದ್ದರೆ, ತಪ್ಪು ಫಲಿತಾಂಶ ಬರುವುದು ಮೂರೋ ನಾಲ್ಕೋ ಜನರಿಗೆ. ಕಿಟ್ ಬದಲಾಗಿಲ್ಲ, ಗುಂಪು ಬದಲಾಗಿದೆ. ಯಾರನ್ನು ಪರೀಕ್ಷಿಸುತ್ತಿದ್ದೇವೆ ಅನ್ನುವುದರ ಮೇಲೆ ಅದೇ ರಿಪೋರ್ಟಿನ ಅರ್ಥ ಬದಲಾಗುತ್ತದೆ. ಆಪರೇಷನ್ ಮುಂಚಿನ ಚೀಟಿಯಲ್ಲಿ 'ಎಚ್‌ಸಿವಿ ಪಾಸಿಟಿವ್' ಅಂತ ಬರೆದು, ದಿನಾಂಕ ಮುಂದೂಡಿ, ಮನೆಯವರಿಗೆಲ್ಲ ಹೇಳಿ ಕಳಿಸುವ ಮೊದಲು ಈ ಲೆಕ್ಕ ನೆನಪಾಗಬೇಕು.

## ಪ್ರತಿಕಾಯ ಸಿಗದಿದ್ದರೂ ವೈರಸ್ ಇರಬಹುದು

ಸೋಂಕು ತಗುಲಿದ ಒಂದೆರಡು ವಾರಗಳಲ್ಲೇ ರಕ್ತದಲ್ಲಿ ವೈರಸ್ ಕಾಣಿಸಿಕೊಳ್ಳುತ್ತದೆ. ಪ್ರತಿಕಾಯ ಬರಲು ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ಈ ನಡುವಿನ ಕಾಲದಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿದರೆ 'ಇಲ್ಲ' ಅಂತಲೇ ಬರುತ್ತದೆ. ರಕ್ತ ಪಡೆದು ವೈರಸ್ ತಗುಲುವ ಅಪಾಯ ಪೂರ್ತಿ ಸೊನ್ನೆ ಆಗದಿರುವುದು ಇದರಿಂದಲೇ. ಹಾಗಾಗಿ ಕೆಲವು ರಕ್ತನಿಧಿಗಳು ನ್ಯಾಟ್ ಅನ್ನುವ ಪರೀಕ್ಷೆಯನ್ನೂ ಸೇರಿಸಿಕೊಂಡಿವೆ. ಅದು ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ವಂಶವಾಹಿ ವಸ್ತುವನ್ನು, ನೇರವಾಗಿ ಹುಡುಕುತ್ತದೆ.

ಡಯಾಲಿಸಿಸ್‌ನಲ್ಲಿರುವವರು, ಅಂಗ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು, ಎಚ್‌ಐವಿ ಹೆಚ್ಚಾಗಿರುವವರು ಪ್ರತಿಕಾಯ ತಯಾರಿಸುವುದೇ ಕಷ್ಟ. ವೈರಸ್ ಇದ್ದೂ ಇವರ ರಿಪೋರ್ಟ್ ನಾನ್ ರಿಯಾಕ್ಟಿವ್ ಬರಬಹುದು.

ಹಸುಗೂಸುಗಳದ್ದು ಇದಕ್ಕೆ ವಿರುದ್ಧ. ಸೋಂಕಿತ ತಾಯಿಯಿಂದ ಮಗುವಿಗೆ ವೈರಸ್ ದಾಟುವುದು 100ರಲ್ಲಿ ಐದಾರು ಸಲ ಮಾತ್ರ. ಆದರೆ ತಾಯಿಯ ಪ್ರತಿಕಾಯ ಎಲ್ಲ ಮಕ್ಕಳಿಗೂ ದಾಟುತ್ತದೆ, ಒಂದೂವರೆ ವರ್ಷದವರೆಗೂ ಉಳಿಯಬಹುದು. ಅಷ್ಟರೊಳಗೆ ಮಗುವಿನಲ್ಲಿ ಪ್ರತಿಕಾಯ ಸಿಕ್ಕರೆ ಅದು ತಾಯಿಯದ್ದೇ ಇರಬಹುದು. ಒಂದೂವರೆ ವರ್ಷ ಕಾಯಿರಿ ಅಂದರೆ ಎಷ್ಟೋ ತಾಯಂದಿರು ಮತ್ತೆ ಆಸ್ಪತ್ರೆಗೆ ಬರುವುದೇ ಇಲ್ಲ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಸಲಹೆ ಬದಲಿಸಿ, ಎರಡರಿಂದ ಆರು ತಿಂಗಳ ವಯಸ್ಸಿನಲ್ಲೇ ಮಗುವಿಗೆ ವೈರಸ್ ಪರೀಕ್ಷೆ ಮಾಡಿ ಅಂತ ಹೇಳಿತು.

## ಯಾವ ಪರೀಕ್ಷೆ ಮೊದಲು?

ಇಲ್ಲಿ ತಜ್ಞರ ನಡುವೆಯೇ ಭಿನ್ನಾಭಿಪ್ರಾಯವಿದೆ. ಎಲ್ಲರ ವಾದದಲ್ಲೂ ಹುರುಳಿದೆ.

ಪ್ರತಿಕಾಯವೇ ಮೊದಲಿರಲಿ ಅನ್ನುವವರು ಹಣದ ಲೆಕ್ಕ ಮುಂದಿಡುತ್ತಾರೆ. ರಾಪಿಡ್ ಕಿಟ್‌ಗೆ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ, ಶಿಬಿರದಲ್ಲಿ ಕೂಡ ಅರ್ಧ ಗಂಟೆಯೊಳಗೆ ಮಾಡಬಹುದು. 10,000 ಜನರಲ್ಲಿ 9,900ಕ್ಕೂ ಜಾಸ್ತಿ ಜನ ನಾನ್ ರಿಯಾಕ್ಟಿವ್ ಆಗಿ ಅಲ್ಲೇ ಮನೆಗೆ ಹೋಗುತ್ತಾರೆ. ದುಬಾರಿ ಆರ್‌ಎನ್‌ಎ ಪರೀಕ್ಷೆ ಉಳಿದವರಿಗಷ್ಟೇ ಸಾಕು. ಖಾಸಗಿ ಲ್ಯಾಬ್‌ನಲ್ಲಿ ಮೊದಲನೆಯದಕ್ಕೆ ನೂರುಗಳ ಲೆಕ್ಕ, ಎರಡನೆಯದಕ್ಕೆ ಸಾವಿರಗಳ ಲೆಕ್ಕ. ಹಾಗಾಗಿ ಈ ವಾದವನ್ನು ತಳ್ಳಿಹಾಕುವಂತಿಲ್ಲ.

ನೇರವಾಗಿ ವೈರಸ್ಸನ್ನೇ ಹುಡುಕಿ ಅನ್ನುವವರು ದಾರಿಯಲ್ಲಿ ಕಳೆದುಹೋಗುವ ಜನರನ್ನು ತೋರಿಸುತ್ತಾರೆ. ರಿಯಾಕ್ಟಿವ್ ಬಂತು. 'ಇನ್ನೊಂದು ಪರೀಕ್ಷೆ ಬೇಕು, ಮುಂದಿನ ವಾರ ಬನ್ನಿ' ಅಂದರು. ಕೂಲಿ ಬಿಟ್ಟು, ಬಸ್ ಹಿಡಿದು ಜಿಲ್ಲಾಸ್ಪತ್ರೆಗೆ ಬರಬೇಕು. ರಿಪೋರ್ಟಿಗೆ ಮತ್ತೊಂದು ಸಲ ಬರಬೇಕು. ಮೈಯಲ್ಲಿ ನೋವಿಲ್ಲ, ಹಸಿವು ಚೆನ್ನಾಗಿದೆ. ಯಾರು ಬರುತ್ತಾರೆ ಹೇಳಿ? ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇದೆ, ಭಾರತದಲ್ಲಿ ಸುಮಾರು 55 ಲಕ್ಷ. ಜಗತ್ತಿನ ಸೋಂಕಿತರಲ್ಲಿ ಕಾಯಿಲೆ ಇದೆ ಅಂತ ಪತ್ತೆಯಾದವರು ಶೇಕಡಾ 36 ಮಾತ್ರ.

ನಡುವಿನ ದಾರಿ ಕೋರ್ ಆಂಟಿಜೆನ್ ಪರೀಕ್ಷೆ. ಇದು ವೈರಸ್ಸಿನ ಒಳಭಾಗದ ಪ್ರೋಟೀನನ್ನು ಹುಡುಕುತ್ತದೆ. ಆರ್‌ಎನ್‌ಎ ಪರೀಕ್ಷೆಗಿಂತ ಅಗ್ಗ. ಆದರೆ ವೈರಸ್ ತುಂಬಾ ಕಡಿಮೆ ಇದ್ದರೆ, ಮಿಲಿಲೀಟರ್‌ಗೆ ಸುಮಾರು 3,000 ಯೂನಿಟ್‌ಗಿಂತ ಕೆಳಗಿದ್ದರೆ, ಕಣ್ತಪ್ಪಬಹುದು. ಹಳೆಯ ಸೋಂಕಿರುವ ಹೆಚ್ಚಿನವರಲ್ಲಿ ವೈರಸ್ ಲಕ್ಷಗಳಲ್ಲಿ ಇರುವುದರಿಂದ ಇದು ಅಷ್ಟು ದೊಡ್ಡ ದೋಷವಲ್ಲ.

ಈ ಲೇಖನದ ನಿಲುವು ಹೀಗಿದೆ. ಸಾಮಾನ್ಯ ಜನರಿಗೆ ಪ್ರತಿಕಾಯ ಪರೀಕ್ಷೆಯೇ ಮೊದಲಿರಲಿ. ಆದರೆ ರಿಯಾಕ್ಟಿವ್ ಬಂದ ಕೂಡಲೇ, ಅದೇ ದಿನ ತೆಗೆದ ರಕ್ತದಲ್ಲೇ ಆರ್‌ಎನ್‌ಎ ಪರೀಕ್ಷೆಯೂ ಆಗಬೇಕು. ರೋಗಿ ಮತ್ತೆ ಬರುವಂತಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದನ್ನೇ ಶಿಫಾರಸು ಮಾಡಿತು. ಡಯಾಲಿಸಿಸ್‌ನವರು, ರೋಗನಿರೋಧಕ ಶಕ್ತಿ ಕುಂದಿದವರು, ಎಳೆಯ ಮಕ್ಕಳು, ಹಿಂದೆ ಒಮ್ಮೆ ಗುಣವಾದವರು, ಇವರಿಗೆಲ್ಲ ನೇರ ವೈರಸ್ ಪರೀಕ್ಷೆ.

ಇದಕ್ಕೆ ಹೊಸ ಯಂತ್ರಗಳನ್ನೇ ಕೊಳ್ಳಬೇಕು ಅಂತಿಲ್ಲ. ಕ್ಷಯ ಪತ್ತೆಗೆ ಸಿಬಿನ್ಯಾಟ್, ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರಗಳು ದೇಶದ ಜಿಲ್ಲೆ ಜಿಲ್ಲೆಗೂ ಬಂದಿವೆ. ಕಾರ್ಟ್ರಿಜ್ ಅಥವಾ ಚಿಪ್ ಬದಲಿಸಿದರೆ ಇವೇ ಯಂತ್ರಗಳು ಹೆಪಟೈಟಿಸ್ ಸಿ ವೈರಸ್ಸನ್ನೂ ಎಣಿಸಬಲ್ಲವು. ಕ್ಷಯದ ಕೆಲಸಕ್ಕೆ ಅಡ್ಡಿಯಾಗದಂತೆ ದಿನಕ್ಕೆ ಇಷ್ಟು ಸ್ಯಾಂಪಲ್ ಅಂತ ಹಂಚಿಕೊಳ್ಳುವ ವ್ಯವಸ್ಥೆ ಬೇಕು, ಕಾರ್ಟ್ರಿಜ್‌ಗೆ ಹಣ ಬೇಕು.

ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಗೂ ಇದೇ ಮಾತು. ನಾಲ್ಕು ಜನ ನೋಡುತ್ತಾರೆ ಅನ್ನುವ ಅಂಜಿಕೆಯಿಂದ ಶಿಬಿರಕ್ಕೆ ಬಾರದವರಿಗೆ ಅದು ದೊಡ್ಡ ಅನುಕೂಲ. ಎರಡು ಗೆರೆ ಕಂಡಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ಮಾತ್ರ, ಆ ವ್ಯಕ್ತಿಗೆ ಉಳಿಯುವುದು ಭಯವೊಂದೇ.

## ಕೀಲುನೋವಿಗೆ ಹೋದವರಿಗೆ ಸಿಗುವ ಸುಳಿವು

ವೈರಸ್ ವರ್ಷಗಟ್ಟಲೆ ಕೆಣಕುತ್ತಿದ್ದರೆ ರೋಗನಿರೋಧಕ ವ್ಯವಸ್ಥೆ ಎಡವುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬೇಡದ ಪ್ರತಿಕಾಯಗಳನ್ನೂ ತಯಾರಿಸತೊಡಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ರುಮಟಾಯ್ಡ್ ಫ್ಯಾಕ್ಟರ್, ವೈದ್ಯರ ಬಾಯಲ್ಲಿ ಆರ್‌ಎಫ್. ಸಂಧಿವಾತ ಇದೆಯಾ ಅಂತ ನೋಡಲು ಬರೆಯುವ ಪರೀಕ್ಷೆ ಇದು.

ಇಲ್ಲಿ ದಾರಿ ತಪ್ಪುವುದು ಸುಲಭ. ಕೈ ಬೆರಳು, ಮಂಡಿ ನೋವು ಅಂತ ಹೋದರು. ಆರ್‌ಎಫ್ ಪಾಸಿಟಿವ್ ಬಂತು. ಸಂಧಿವಾತ ಅಂತ ಚಿಕಿತ್ಸೆ ಶುರುವಾಯಿತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಲಿವರ್‌ಗೆ ತೊಂದರೆ ಕೊಡಬಲ್ಲ ಔಷಧಿ. ಒಳಗೆ ಹೆಪಟೈಟಿಸ್ ಸಿ ಇದ್ದರೆ ಮೊದಲೇ ಬಳಲಿದ ಲಿವರ್ ಮೇಲೆ ಇನ್ನೊಂದು ಹೊರೆ ಬಿದ್ದಂತೆ. ಇದನ್ನು ಬೇರ್ಪಡಿಸಲು ಆಂಟಿ ಸಿಸಿಪಿ ಅನ್ನುವ ಇನ್ನೊಂದು ಪ್ರತಿಕಾಯ ಸಹಾಯಕ್ಕೆ ಬರುತ್ತದೆ. ನಿಜವಾದ ಸಂಧಿವಾತದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಹೆಪಟೈಟಿಸ್ ಸಿಯ ಕೀಲುನೋವಿನಲ್ಲಿ ಅಪರೂಪ.

ಇನ್ನೊಂದು ಗುರುತು ಕ್ರಯೊಗ್ಲಾಬ್ಯುಲಿನ್. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಹಾಗೆ ತಂಪಾದರೆ ಗಟ್ಟಿಯಾಗುವ ಪ್ರತಿಕಾಯಗಳ ಗಂಟು ಇದು. ಇವು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ ಕಾಲಿನಲ್ಲಿ ಕೆಂಪು, ನೇರಳೆ ಚುಕ್ಕೆ ಬರುತ್ತವೆ. ಪಾದ ಜೋಮು ಹಿಡಿಯುತ್ತದೆ, ಕೆಲವರಿಗೆ ಕಿಡ್ನಿಯೂ ಕೆಡುತ್ತದೆ. ಇವರ ರಕ್ತದಲ್ಲಿ ಸಿ4 ಅನ್ನುವ ಪ್ರೋಟೀನ್ ಮಟ್ಟ ತೀರಾ ಕೆಳಗಿರುತ್ತದೆ.

ಈ ಪರೀಕ್ಷೆ ಕೆಡುವುದು ಲ್ಯಾಬ್‌ಗೆ ಹೋಗುವ ದಾರಿಯಲ್ಲೇ. ರಕ್ತವನ್ನು ದೇಹದ ಶಾಖದಲ್ಲೇ, 37 ಡಿಗ್ರಿಯಲ್ಲಿ, ಒಯ್ಯಬೇಕು. ಉಳಿದ ಸ್ಯಾಂಪಲ್‌ಗಳ ಜೊತೆ ಐಸ್ ಡಬ್ಬಿಯಲ್ಲಿ ಕಳಿಸಿದರೆ ಕ್ರಯೊಗ್ಲಾಬ್ಯುಲಿನ್ ರಕ್ತಕಣಗಳ ಜೊತೆಗೇ ತಳ ಸೇರುತ್ತದೆ. ಪರೀಕ್ಷೆ ಮಾಡುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ, ರಿಪೋರ್ಟ್ ನೆಗೆಟಿವ್ ಬರುತ್ತದೆ. ಕಾಲಿನ ಚುಕ್ಕೆ, ಆರ್‌ಎಫ್, ಕಡಿಮೆ ಸಿ4 ಮೂರೂ ಒಟ್ಟಿಗಿದ್ದರೆ, ಕ್ರಯೊಗ್ಲಾಬ್ಯುಲಿನ್ ನೆಗೆಟಿವ್ ಬಂದರೂ ಹೆಪಟೈಟಿಸ್ ಸಿ ಇದೆಯಾ ಅಂತ ನೋಡಲೇಬೇಕು.

## ಚಿಕಿತ್ಸೆಯಲ್ಲಿ ಒಂದು ಕಾಲದ ಜಾತಕ

2013ರ ಕೊನೆಯವರೆಗೂ ಹೆಪಟೈಟಿಸ್ ಸಿ ಚಿಕಿತ್ಸೆ ನಿಂತಿದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್ ಮೇಲೆ. ಅದು ವೈರಸ್ಸನ್ನು ನೇರವಾಗಿ ಕೊಲ್ಲುತ್ತಿರಲಿಲ್ಲ, ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುತ್ತಿತ್ತು. ಜ್ವರ, ಸುಸ್ತು, ಖಿನ್ನತೆ ತಡೆದುಕೊಂಡು 48 ವಾರ ಚುಚ್ಚಿಸಿಕೊಂಡರೂ, ವೈರಸ್ಸಿನ ಜೀನೋಟೈಪ್ 1 ಅನ್ನುವ ಬಗೆ ಇದ್ದವರಲ್ಲಿ ಗುಣವಾಗುತ್ತಿದ್ದವರು ಅರ್ಧದಷ್ಟೂ ಇಲ್ಲ.

ಯಾರಿಗೆ ಗುಣವಾಗುತ್ತದೆ ಅಂತ ಮೊದಲೇ ಹೇಳಬಹುದಾ? 2009ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಐಎಲ್28ಬಿ ಜೀನ್ ಬಳಿಯ ಒಂದು ಸಣ್ಣ ವ್ಯತ್ಯಾಸದಲ್ಲಿ ಅನುಕೂಲದ ರೂಪ ಪಡೆದವರಿಗೆ ಗುಣವಾಗುವ ಸಾಧ್ಯತೆ ಸುಮಾರು ಎರಡು ಪಟ್ಟು. ಕೆಲವೇ ವರ್ಷಗಳಲ್ಲಿ ಕಾರಣವೂ ಬಯಲಾಯಿತು. ಇಂಟರ್‌ಫೆರಾನ್ ಲ್ಯಾಂಬ್ಡಾ 4 ಅನ್ನುವ ಪ್ರೋಟೀನನ್ನು ತಯಾರಿಸಲಾಗದವರೇ ವೈರಸ್ಸನ್ನು ಚೆನ್ನಾಗಿ ಹೊರಹಾಕುತ್ತಾರೆ! ಐಪಿ 10 ಅನ್ನುವ ಇನ್ನೊಂದು ಗುರುತಿನ ಕಥೆಯೂ ಹೀಗೆಯೇ. ಅದು ರಕ್ತದಲ್ಲಿ ಮೊದಲೇ ಜಾಸ್ತಿ ಇದ್ದವರಿಗೆ ಇಂಜೆಕ್ಷನ್ ಕಡಿಮೆ ಫಲ ಕೊಡುತ್ತಿತ್ತು. ಮೊದಲೇ ಎದ್ದು ಕೂತಿರುವ ಕಾವಲುಗಾರನನ್ನು ಮತ್ತೆ ಎಬ್ಬಿಸಿ ಏನು ಉಪಯೋಗ, ಅಲ್ವಾ?

ನಂತರ ಸೊಫೊಸ್ಬುವಿರ್ ಬಂತು, ಅದರ ಬೆನ್ನಿಗೆ ಡಕ್ಲಾಟಾಸ್ವಿರ್, ವೆಲ್ಪಟಾಸ್ವಿರ್. ಇವು ವೈರಸ್ ತನ್ನ ನಕಲು ಮಾಡಿಕೊಳ್ಳುವ ಯಂತ್ರವನ್ನೇ ನಿಲ್ಲಿಸುತ್ತವೆ. ರೋಗಿಯ ರೋಗನಿರೋಧಕ ಶಕ್ತಿ ಹೇಗಿದೆ ಅನ್ನುವುದನ್ನು ಹೆಚ್ಚು ಅವಲಂಬಿಸುವುದಿಲ್ಲ. ಸಾಮಾನ್ಯವಾಗಿ 12 ವಾರ ಮಾತ್ರೆ, ನೂರಕ್ಕೆ 95ಕ್ಕೂ ಜಾಸ್ತಿ ಜನರಿಗೆ ಗುಣ. ಅಮೆರಿಕದಲ್ಲಿ ಮೊದಲು 84,000 ಡಾಲರ್ ಇದ್ದ ಔಷಧಿಯನ್ನು ಅದರ ಮೂಲ ಕಂಪನಿಯ ಜೊತೆ 2014ರಲ್ಲಿ ಆದ ಒಪ್ಪಂದದ ನಂತರ ಭಾರತದ ಕಂಪನಿಗಳು ಅಗ್ಗವಾಗಿ ತಯಾರಿಸಿದವು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಐಎಲ್28ಬಿ ಪರೀಕ್ಷೆಯನ್ನು ಈಗ ಯಾರಾದರೂ ಬರೆದುಕೊಟ್ಟರೆ 'ಇದರಿಂದ ಚಿಕಿತ್ಸೆ ಏನು ಬದಲಾಗುತ್ತದೆ ಡಾಕ್ಟ್ರೇ?' ಅಂತ ಕೇಳುವುದರಲ್ಲಿ ತಪ್ಪಿಲ್ಲ.

## ಮಾತ್ರೆ ಶುರು ಮಾಡುವ ಮೊದಲು ನೋಡಲೇಬೇಕಾದ ಗುರುತು

ಆದರೆ ಇನ್ನೊಂದು ವೈರಸ್ಸಿನ ಗುರುತುಗಳು ಇವತ್ತಿಗೂ ಜೀವ ಉಳಿಸುತ್ತವೆ. ಕೆಲವರಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎರಡೂ ಇರುತ್ತವೆ. ಸಿ ಜೋರಾಗಿದ್ದಾಗ ಬಿ ಅಡಗಿ ಕೂತಿರುತ್ತದೆ. ಮಾತ್ರೆಯಿಂದ ಸಿ ಹೊರಟುಹೋದರೆ ಬಿ ತಲೆ ಎತ್ತಬಹುದು, ಒಮ್ಮೊಮ್ಮೆ ಲಿವರ್ ಪೂರ್ತಿ ಕೈಕೊಡುವಷ್ಟು. ಇಂಥ 24 ಪ್ರಕರಣಗಳು ಕಂಡಮೇಲೆ ಎಫ್‌ಡಿಎ 2016ರ ಅಕ್ಟೋಬರ್‌ನಲ್ಲಿ ಈ ಔಷಧಿಗಳ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆ ಮುದ್ರಿಸಲು ಹೇಳಿತು.

ಹಾಗಾಗಿ ಮೊದಲ ಮಾತ್ರೆಗೆ ಮುಂಚೆ ಎರಡು ಪರೀಕ್ಷೆ ಬೇಕು. ಎಚ್‌ಬಿಎಸ್‌ಎಜಿ ಅನ್ನುವುದು ಬಿ ವೈರಸ್ ಈಗ ಇದೆಯಾ ಅಂತ ಹೇಳುತ್ತದೆ. ಆಂಟಿ ಎಚ್‌ಬಿಸಿ ಪ್ರತಿಕಾಯ, ಬಿ ಎಂದಾದರೂ ಬಂದು ಹೋಗಿತ್ತಾ ಅಂತ ಹೇಳುತ್ತದೆ. ಸಿ ವಿಷಯದಲ್ಲಿ ಗೊಂದಲ ಹುಟ್ಟಿಸುವ ಹಳೆಯ ನೆನಪು ಇಲ್ಲಿ ಅಮೂಲ್ಯ. ಯಾಕೆಂದರೆ ಬಿ ಒಮ್ಮೆ ಬಂದರೆ ವಾಸಿಯಾದ ಮೇಲೂ ಲಿವರ್ ಕೋಶಗಳಲ್ಲಿ ಅದರ ಬೀಜ ಉಳಿದಿರುತ್ತದೆ. ಸಿ ಹಾಗೆ ಉಳಿಯುವುದಿಲ್ಲ.

## ಗುಣವಾದ ಮೇಲೂ ಬೆನ್ನು ಬಿಡದ ಸಾಲು

ಮಾತ್ರೆ ಮುಗಿದು 12 ವಾರದ ನಂತರ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಸಿಗದಿದ್ದರೆ ಗುಣವಾಯಿತು ಅಂತಲೇ ಅರ್ಥ. ಮೊದಲೇ ಸಿರೋಸಿಸ್ ಆಗಿದ್ದವರು ಮಾತ್ರ ಕ್ಯಾನ್ಸರ್ ಅಪಾಯ ಉಳಿಯುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಆ 12ನೇ ವಾರದ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾಕೆಂದರೆ ಮುಂದೆ ಎಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿದರೂ ರಿಯಾಕ್ಟಿವ್ ಬರುತ್ತಲೇ ಇರುತ್ತದೆ.

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಕೆಲಸಕ್ಕೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ ಹೆಪಟೈಟಿಸ್ ಸಿ ಪರೀಕ್ಷೆಯೂ ಇರುತ್ತದೆ. ಪ್ರತಿಕಾಯವೊಂದನ್ನೇ ನೋಡಿ ಅನರ್ಹ ಅಂತ ಬರೆದರೆ, ಪೂರ್ತಿ ಗುಣವಾದ ಮನುಷ್ಯನ ದುಡಿಮೆಯ ದಾರಿ ಇಲ್ಲದ ಕಾಯಿಲೆಗಾಗಿ ಮುಚ್ಚಿದಂತೆ. ಇದು ವಿಜ್ಞಾನಕ್ಕೂ ನ್ಯಾಯಕ್ಕೂ ಸರಿಯಲ್ಲ. ರಕ್ತದಾನದ ವಿಷಯ ಬೇರೆ. ಅಲ್ಲಿ ರಕ್ತ ಪಡೆಯುವವರ ಸುರಕ್ಷತೆ ಮುಖ್ಯ, ಗುಣವಾದವರಿಂದಲೂ ರಕ್ತ ತೆಗೆದುಕೊಳ್ಳದಿರುವ ನಿಯಮ ಒಪ್ಪುವಂಥದ್ದೇ.

ಡಯಾಲಿಸಿಸ್ ಕೇಂದ್ರಗಳಲ್ಲಿ ಈ ಗೊಂದಲದ ಪರಿಣಾಮ ಇನ್ನೂ ನೇರ. ಕೆಲವು ಕಡೆ 'ಸಿ ಪಾಸಿಟಿವ್' ಇರುವವರಿಗೆ ಬೇರೆ ಯಂತ್ರ, ಬೇರೆ ಕೋಣೆ ಇಡುತ್ತಾರೆ. ಈ ವಿಂಗಡಣೆ ಪ್ರತಿಕಾಯ ನೋಡಿ ನಡೆದರೆ ಗುಣವಾದವರು ವೈರಸ್ ಇರುವವರ ಪಕ್ಕದ ಹಾಸಿಗೆಗೆ ಹೋಗುತ್ತಾರೆ. ಕೈ ತೊಳೆಯುವುದು, ಗ್ಲೌಸ್ ಬದಲಿಸುವುದು ಒಂದು ದಿನ ತಪ್ಪಿದರೂ ಅವರಿಗೆ ಮತ್ತೆ ಸೋಂಕು ತಗುಲಬಹುದು. ಹೊಸ ಸೋಂಕು ಬಂದದ್ದು ಪ್ರತಿಕಾಯ ಪರೀಕ್ಷೆಯಲ್ಲಿ ಗೊತ್ತಾಗುವುದೂ ಇಲ್ಲ, ಅದು ಮೊದಲಿನಿಂದಲೂ ರಿಯಾಕ್ಟಿವ್ ಇತ್ತಲ್ಲ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ ಬೇರೆ ಯಂತ್ರ ಬೇಕು ಅಂತ ಹೇಳುವುದಿಲ್ಲ. ಸ್ವಚ್ಛತೆಯ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಅನ್ನುತ್ತದೆ, ಗುಣವಾದವರಿಗೆ ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಪರೀಕ್ಷೆ ಮಾಡಿ ಅನ್ನುತ್ತದೆ. ಮನೆಯವರೊಬ್ಬರು ಡಯಾಲಿಸಿಸ್‌ನಲ್ಲಿದ್ದರೆ, ಅವರ ಫೈಲಿನಲ್ಲಿರುವ ಹೆಪಟೈಟಿಸ್ ಸಿ ರಿಪೋರ್ಟ್ ಪ್ರತಿಕಾಯದ್ದೋ ಆರ್‌ಎನ್‌ಎಯದ್ದೋ ಅಂತ ಇವತ್ತೇ ತೆಗೆದು ನೋಡಬಹುದು.